ಪದೇ ಪದೇ ಬರುವ ವಾಂತಿ: ಮನೆಯಲ್ಲಿ ಯಾವಾಗ ಏನು ಮಾಡಬೇಕು, ಯಾವುದು ಮೊದಲು

ತಿಂಗಳಿಗೋ ಎರಡು ತಿಂಗಳಿಗೋ ಒಂದು ಸಲ ಬೆಳಗಿನ ಜಾವ ವಾಂತಿ ಶುರುವಾಗುತ್ತದೆ. ಗಂಟೆಗೆ ನಾಲ್ಕೈದು ಸಲ ಆಗುತ್ತದೆ. ಹೊಟ್ಟೆಯಲ್ಲಿ ಏನೂ ಉಳಿಯದಿದ್ದರೂ ಓಕರಿಕೆ ನಿಲ್ಲುವುದಿಲ್ಲ. ಒಂದೆರಡು ದಿನ ಹೀಗೆ ಹಿಂಡಿ, ಆಮೇಲೆ ತಾನಾಗಿಯೇ ನಿಲ್ಲುತ್ತದೆ. ಮರುದಿನ ಅದೇ ಮಗು ಎದ್ದು ದೋಸೆ ಕೇಳುತ್ತದೆ. ವೈದ್ಯರು ಇದನ್ನು ಸೈಕ್ಲಿಕ್ ವಾಮಿಟಿಂಗ್ ಸಿಂಡ್ರೋಮ್ ಎನ್ನುತ್ತಾರೆ, ಫೈಲಿನಲ್ಲಿ ಸಿವಿಎಸ್ ಎಂದು ಬರೆದಿರುತ್ತಾರೆ. ಮೈಗ್ರೇನ್ ತಲೆನೋವಿಗೂ ಇದಕ್ಕೂ ಹತ್ತಿರದ ನಂಟಿದೆ. ಮಕ್ಕಳಲ್ಲಿ ಜಾಸ್ತಿ ಕಾಣುತ್ತದೆ, ದೊಡ್ಡವರನ್ನೂ ಬಿಡುವುದಿಲ್ಲ.

"ಡಾಕ್ಟರ್ ಹೇಳಿದ್ದೆಲ್ಲ ಮಾಡಿದೆವು, ಆದರೂ ಗ್ಲೂಕೋಸ್ ಹಾಕಿಸಲೇಬೇಕಾಯಿತು" ಎನ್ನುವವರು ಬಹಳ ಜನ. ಏನೇನು ಮಾಡಿದಿರಿ ಎಂದು ಬಿಡಿಸಿ ಕೇಳಿದರೆ ಉತ್ತರ ಹೆಚ್ಚುಕಡಿಮೆ ಒಂದೇ. ಮೂರು ಸಲ ವಾಂತಿ ಆದಮೇಲೆ ಮಾತ್ರೆ ಕೊಟ್ಟಿರುತ್ತಾರೆ. ಬಾಯಾರಿಕೆ ಎಂದಾಗ ಲೋಟದ ತುಂಬ ನೀರು ಕೊಟ್ಟಿರುತ್ತಾರೆ. ನೀರಿನ ಜೊತೆ ಮಾತ್ರೆಯೂ ಹೊರಗೆ ಬಂದಿರುತ್ತದೆ. ಔಷಧ ಸರಿಯಾಗಿಯೇ ಇತ್ತು, ಕ್ರಮ ತಪ್ಪಿತ್ತು. ಅದಕ್ಕೇ ಈ ಬರಹದಲ್ಲಿ ಕ್ರಮಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಇದು ಸಿವಿಎಸ್ ಎಂದು ವೈದ್ಯರು ಈಗಾಗಲೇ ಹೇಳಿರುವವರಿಗಾಗಿ ಬರೆದದ್ದು. ಮೊದಲನೇ ಸಲ ಇಂಥ ವಾಂತಿ ಬಂದಿದ್ದರೆ ಇದನ್ನು ಓದುತ್ತಾ ಕೂರಬೇಡಿ, ಆಸ್ಪತ್ರೆಗೆ ಹೋಗಿ.

## ಹಂತ 1: ಕಾಯಿಲೆ ಇದೇನಾ ಎಂದು ಖಚಿತ ಮಾಡಿಕೊಳ್ಳಿ

ಸಿವಿಎಸ್‌ನ ಗುರುತು ಅದರ ಏಕರೂಪ. ಶುರುವಾಗುವ ಹೊತ್ತು, ಎಷ್ಟು ದಿನ ಇರುತ್ತದೆ, ಜೊತೆಗೆ ಏನೇನು ಆಗುತ್ತದೆ, ಇವೆಲ್ಲ ಪ್ರತಿ ಸಲವೂ ಒಂದೇ ಥರ ಇರುತ್ತವೆ. ನಡುವಿನ ದಿನಗಳಲ್ಲಿ ಆರೋಗ್ಯ ಚೆನ್ನಾಗಿರುತ್ತದೆ. ಮಕ್ಕಳಲ್ಲಿ 6 ತಿಂಗಳಲ್ಲಿ ಕನಿಷ್ಠ 2 ಸಲ, ದೊಡ್ಡವರಲ್ಲಿ ವರ್ಷದಲ್ಲಿ ಕನಿಷ್ಠ 3 ಸಲ ಇಂಥದ್ದು ಬಂದಿದ್ದರೆ ವೈದ್ಯರು ಇದರ ಕಡೆ ಯೋಚಿಸುತ್ತಾರೆ.

ಇದನ್ನು ಪತ್ತೆ ಮಾಡಲು ಒಂದು ರಕ್ತಪರೀಕ್ಷೆ ಅಂತ ಇಲ್ಲ. ಇದರಂತೆಯೇ ಕಾಣುವ ಬೇರೆ ತೊಂದರೆಗಳನ್ನು ಒಂದೊಂದಾಗಿ ತಳ್ಳಿಹಾಕಬೇಕು. ಕರುಳು ಹುಟ್ಟಿನಿಂದಲೇ ಸರಿಯಾಗಿ ಕೂರದೆ ಆಗಾಗ ತಿರುಚಿಕೊಳ್ಳುವುದು, ಮೂತ್ರಪಿಂಡದ ಕೆಳಗೆ ಮೂತ್ರ ಕಟ್ಟಿಕೊಳ್ಳುವುದು, ಸಕ್ಕರೆ ಕಾಯಿಲೆ ವಿಕೋಪಕ್ಕೆ ಹೋಗಿರುವುದು, ತಲೆಯೊಳಗೆ ಒತ್ತಡ ಏರಿರುವುದು, ಎಲ್ಲವೂ ವಾಂತಿಯಾಗಿಯೇ ಕಾಣಿಸಿಕೊಳ್ಳಬಹುದು. ಹೆಂಗಸರಾದರೆ ಗರ್ಭಧಾರಣೆ ಪರೀಕ್ಷೆ ಮೊದಲು. ಹೊಟ್ಟೆಯ ಸ್ಕ್ಯಾನ್, ಕರುಳಿನ ಎಕ್ಸ್‌ರೇ, ರಕ್ತದ ಉಪ್ಪಿನಂಶ ಮತ್ತು ಸಕ್ಕರೆ ನೋಡಿದ್ದಾರಾ ಎಂದು ಕೇಳಿ. ಎರಡು ವರ್ಷದೊಳಗಿನ ಮಗುವಿಗೆ ಹೀಗಾಗುತ್ತಿದ್ದರೆ, ಇಲ್ಲವೇ ವಾಂತಿಯ ಜೊತೆ ಮಗು ಮಂಕಾಗುತ್ತಿದ್ದರೆ, ಚಯಾಪಚಯದ ದೋಷ, ಅಂದರೆ ತಿಂದದ್ದನ್ನು ದೇಹ ಸರಿಯಾಗಿ ಬಳಸಿಕೊಳ್ಳಲಾಗದ ತೊಂದರೆ, ಇದೆಯಾ ಎಂದೂ ನೋಡಬೇಕಾಗುತ್ತದೆ.

ವಾಂತಿ ಹಳದಿ ಅಥವಾ ಹಸಿರು ಬಣ್ಣದಲ್ಲಿ ಬಂದರೆ "ಪಿತ್ತ ಜಾಸ್ತಿ ಆಗಿದೆ" ಎಂದು ಸುಮ್ಮನಾಗುವ ಮನೆಗಳಿವೆ. ಹೊಟ್ಟೆ ಖಾಲಿಯಾದಮೇಲೂ ವಾಂತಿ ಮುಂದುವರಿದರೆ ಪಿತ್ತರಸ ಬರುವುದು ಸಹಜ, ಸಿವಿಎಸ್‌ನಲ್ಲಿ ಇದು ಸಾಮಾನ್ಯ. ಆದರೆ ಕರುಳು ತಿರುಚಿದಾಗಲೂ ಹಸಿರು ವಾಂತಿಯೇ ಬರುವುದು. ಕರುಳಿನ ಪರೀಕ್ಷೆ ಒಮ್ಮೆಯೂ ಆಗಿಲ್ಲ ಎಂದರೆ ಹಸಿರು ವಾಂತಿಯನ್ನು ಮನೆಯಲ್ಲಿ ನೋಡಿಕೊಳ್ಳುವಂತಿಲ್ಲ.

ಇನ್ನೊಂದು ಮಾತು, ಹದಿಹರೆಯದವರು ಮತ್ತು ದೊಡ್ಡವರ ಬಗ್ಗೆ. ಬಹಳ ದಿನದಿಂದ ಗಾಂಜಾ ಸೇದುವವರಿಗೂ ಇದೇ ರೀತಿಯ ವಾಂತಿ ಬರುತ್ತದೆ. ಅದಕ್ಕೆ ಇರುವ ಮದ್ದು ಗಾಂಜಾ ಬಿಡುವುದೇ. ಇದನ್ನು ಮನೆಯವರ ಮುಂದೆ ಹೇಳಲು ಯಾರೂ ಒಪ್ಪುವುದಿಲ್ಲ, ಅಲ್ವಾ? ಹಾಗಾಗಿ ವೈದ್ಯರ ಹತ್ತಿರ ಒಬ್ಬರೇ ಮಾತಾಡಲು ಅವರಿಗೆ ಹತ್ತು ನಿಮಿಷ ಬಿಟ್ಟುಕೊಡಿ. ಬೈದು ಬಾಯಿ ಬಿಡಿಸಲು ಹೋಗಬೇಡಿ.

## ಹಂತ 2: ಚೆನ್ನಾಗಿರುವಾಗಲೇ ವೈದ್ಯರಿಂದ ಒಂದು ಹಾಳೆ ಬರೆಸಿಕೊಳ್ಳಿ

ಬೆಳಗಿನ ಜಾವ ನಾಲ್ಕು ಗಂಟೆಗೆ ಯಾವ ವೈದ್ಯರೂ ಫೋನಿಗೆ ಸಿಗುವುದಿಲ್ಲ. ಆ ಹೊತ್ತಿಗೆ ಬೇಕಾದ ಉತ್ತರಗಳು ಮೊದಲೇ ಕಾಗದದ ಮೇಲೆ ಇರಬೇಕು. ಆರೋಗ್ಯವಾಗಿರುವ ದಿನವೇ ಹೋಗಿ ಇವನ್ನು ಕೇಳಿ:

1. ಮುನ್ಸೂಚನೆ ಕಂಡ ಕೂಡಲೇ ಯಾವ ಮಾತ್ರೆ, ಎಷ್ಟು ಮಿಲಿಗ್ರಾಂ?
2. ಮಾತ್ರೆ ಕೊಟ್ಟು ಎಷ್ಟು ನಿಮಿಷದೊಳಗೆ ವಾಂತಿಯಾದರೆ ಮತ್ತೆ ಕೊಡಬೇಕು? ದಿನಕ್ಕೆ ಹೆಚ್ಚೆಂದರೆ ಎಷ್ಟು ಸಲ?
3. ಬಾಯಿಯ ಮೂಲಕ ಏನೂ ನಿಲ್ಲದಿದ್ದರೆ ಎಷ್ಟು ಗಂಟೆ ಕಾಯಬಹುದು?
4. ದಿನಾ ತೆಗೆದುಕೊಳ್ಳುವ ಬೇರೆ ಮಾತ್ರೆಗಳನ್ನು ಆ ದಿನ ಏನು ಮಾಡಬೇಕು?
5. ಆಸ್ಪತ್ರೆಗೆ ಹೋದಾಗ ಅಲ್ಲಿನ ಡ್ಯೂಟಿ ಡಾಕ್ಟರಿಗೆ ತೋರಿಸಲು ಒಂದು ಪತ್ರ ಕೊಡುತ್ತೀರಾ?

ನಾಲ್ಕನೆಯದನ್ನು ಬಿಡಬೇಡಿ. ಇನ್ಸುಲಿನ್, ಸಕ್ಕರೆ ಕಾಯಿಲೆಯ ಮಾತ್ರೆ, ಬಿಪಿ ಮಾತ್ರೆ, ಮೂರ್ಛೆ ರೋಗದ ಮಾತ್ರೆ, ಇವನ್ನೆಲ್ಲ ವಾಂತಿಯ ದಿನ ನಿಮ್ಮಷ್ಟಕ್ಕೆ ನಿಲ್ಲಿಸುವುದೂ ಅಪಾಯ, ಯೋಚಿಸದೆ ಮುಂದುವರಿಸುವುದೂ ಅಪಾಯ.

ಐದನೆಯದು ನಿಮ್ಮ ಎಷ್ಟೋ ಹೊತ್ತನ್ನು ಉಳಿಸುತ್ತದೆ. ಹೊಸ ಆಸ್ಪತ್ರೆಯಲ್ಲಿ ಪ್ರತಿ ಸಲವೂ "ಹೊರಗೆ ಏನು ತಿಂದರು?" ಎಂಬಲ್ಲಿಂದ ಶುರುವಾಗುತ್ತದೆ. ರೋಗದ ಹೆಸರು, ಈಗಾಗಲೇ ಆಗಿರುವ ಪರೀಕ್ಷೆಗಳು, ಯಾವ ಇಂಜೆಕ್ಷನ್ ಒಗ್ಗುತ್ತದೆ, ಯಾವುದು ಒಗ್ಗುವುದಿಲ್ಲ, ಯಾವ ಡ್ರಿಪ್ಸ್ ಹಾಕಬೇಕು, ಇಷ್ಟು ಅದರಲ್ಲಿರಲಿ. ಸಿವಿಎಸ್‌ನಲ್ಲಿ ಬರೀ ಉಪ್ಪುನೀರಿನ ಡ್ರಿಪ್ಸ್‌ಗಿಂತ ಗ್ಲೂಕೋಸ್ ಬೆರೆತಿರುವುದು ಹೆಚ್ಚು ಅನುಕೂಲ. ಎಷ್ಟು ಪ್ರಮಾಣ ಎಂಬುದನ್ನು ನಿಮ್ಮ ವೈದ್ಯರೇ ಬರೆಯಲಿ.

ಔಷಧದ ಅಂಗಡಿಯಲ್ಲಿ ಕೇಳಿ ತಂದ ವಾಂತಿ ಮಾತ್ರೆಯನ್ನು ಈ ಹಾಳೆಗೆ ಸೇರಿಸಬೇಡಿ. ಮೆಟೊಕ್ಲೋಪ್ರಮೈಡ್ ಇರುವ ಔಷಧದಿಂದ ಕೆಲವರಿಗೆ, ಅದರಲ್ಲೂ ಮಕ್ಕಳಿಗೆ ಮತ್ತು ಹದಿಹರೆಯದವರಿಗೆ, ಕತ್ತು ಒಂದು ಕಡೆಗೆ ತಿರುಚಿಕೊಳ್ಳುತ್ತದೆ, ಕಣ್ಣುಗುಡ್ಡೆ ಮೇಲೆ ಸಿಕ್ಕಿಕೊಳ್ಳುತ್ತದೆ. ಹಾಗಾದರೆ ತಕ್ಷಣ ಆಸ್ಪತ್ರೆಗೆ ಹೋಗಿ, ಔಷಧದ ಹೆಸರು ಹೇಳಿ. ಹೆಚ್ಚಾಗಿ ಬರೆಯುವ ಒಂಡಾನ್‌ಸೆಟ್ರಾನ್‌ಗೂ ಒಂದು ಎಚ್ಚರಿಕೆ ಇದೆ. ಹೃದಯದ ಬಡಿತದ ತೊಂದರೆ ಇರುವವರು ಇಸಿಜಿ ಮಾಡಿಸದೆ ಅದನ್ನು ಪದೇ ಪದೇ ತೆಗೆದುಕೊಳ್ಳಬಾರದು.

## ಹಂತ 3: ಒಂದು ಡಬ್ಬ, ಯಾವಾಗಲೂ ಒಂದೇ ಜಾಗದಲ್ಲಿ

ಮಲಗುವ ಕೋಣೆಯಲ್ಲೇ ಇಡಿ, ಮಕ್ಕಳ ಕೈಗೆ ಸಿಗದಷ್ಟು ಎತ್ತರದಲ್ಲಿ. ಒಳಗೆ ಇರಬೇಕಾದವು: ವೈದ್ಯರ ಹಾಳೆ, ವಾಂತಿಯ ಮಾತ್ರೆ, ಐದಾರು ಓಆರ್‌ಎಸ್ ಪೊಟ್ಟಣ, 5 ಮಿಲಿ ಗುರುತಿರುವ ಔಷಧದ ಚಮಚ ಅಥವಾ ಸೂಜಿ ಇಲ್ಲದ ಸಿರಿಂಜ್, ಥರ್ಮಾಮೀಟರ್, ಪ್ಯಾರಸಿಟಮಾಲ್, ಪೆನ್ನು ಮತ್ತು ಚಿಕ್ಕ ನೋಟ್‌ಬುಕ್. ಪಕ್ಕದಲ್ಲೇ ಅಗಲ ಬಾಯಿಯ ಪ್ಲಾಸ್ಟಿಕ್ ಟಬ್, ಹಳೆಯ ಹತ್ತಿ ಪಂಚೆಯ ತುಂಡುಗಳು, ಹಾಸಿಗೆ ಮೇಲೆ ಹಾಕುವ ರಬ್ಬರ್ ಶೀಟ್. ಆಸ್ಪತ್ರೆಯ ಫೈಲಿನ ಪ್ರತಿ ಮತ್ತು ಆಯುಷ್ಮಾನ್ ಕಾರ್ಡ್ ಅಥವಾ ವಿಮೆಯ ಕಾರ್ಡ್ ಕೂಡ ಅಲ್ಲೇ ಇರಲಿ.

ಓಆರ್‌ಎಸ್ ಕೊಳ್ಳುವಾಗ ಪೊಟ್ಟಣದ ಮೇಲೆ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಎಂದು ಬರೆದಿದೆಯಾ ನೋಡಿ. ಟೆಟ್ರಾಪ್ಯಾಕ್‌ನಲ್ಲಿ ಬರುವ ಹಣ್ಣಿನ ರುಚಿಯ ಎಷ್ಟೋ ಪಾನೀಯಗಳು ಓಆರ್‌ಎಸ್ ಅಲ್ಲ. ಸಕ್ಕರೆ ಜಾಸ್ತಿ, ಉಪ್ಪು ಕಡಿಮೆ. 2025ರ ಅಕ್ಟೋಬರ್‌ನಲ್ಲಿ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಇಂಥ ಪಾನೀಯಗಳ ಹೆಸರಿನಲ್ಲಿ ಓಆರ್‌ಎಸ್ ಎಂಬ ಪದ ಇರಕೂಡದು ಎಂದು ಆದೇಶ ಹೊರಡಿಸಿದ್ದು ಇದೇ ಕಾರಣಕ್ಕೆ.

ಕಲಸುವಾಗ ಆಗುವ ತಪ್ಪು ನೀರಿನ ಅಳತೆಯದು. ದೊಡ್ಡ ಪೊಟ್ಟಣ 1 ಲೀಟರ್ ನೀರಿಗೆ, ಚಿಕ್ಕದು 200 ಮಿಲಿಗೆ. ಚೊಂಬು, ಲೋಟಗಳ ಅಳತೆ ಮನೆಯಿಂದ ಮನೆಗೆ ಬೇರೆ. 1 ಲೀಟರಿನ ಖಾಲಿ ನೀರಿನ ಬಾಟಲಿಯನ್ನು ತೊಳೆದು ಡಬ್ಬದ ಪಕ್ಕದಲ್ಲೇ ಇಟ್ಟುಬಿಡಿ. ಕುದಿಸಿ ಆರಿಸಿದ ನೀರಿಗೆ ಪೂರ್ತಿ ಪೊಟ್ಟಣ ಒಂದೇ ಸಲ ಹಾಕಬೇಕು. ಅರ್ಧ ಪೊಟ್ಟಣ, ಮೇಲೊಂದಿಷ್ಟು ಸಕ್ಕರೆ, ನಿಂಬೆರಸ ಅಂತೆಲ್ಲ ಬೆರೆಸಬೇಡಿ. ಕಲಸಿದ್ದು 24 ಗಂಟೆ ದಾಟಿದರೆ ಚೆಲ್ಲಿ.

ಪೊಟ್ಟಣ ಮುಗಿದೇ ಹೋಗಿದ್ದರೆ ತಾತ್ಕಾಲಿಕವಾಗಿ 1 ಲೀಟರ್ ನೀರಿಗೆ ತಲೆ ಸಮ ಮಾಡಿದ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಉಪ್ಪು ಇದಕ್ಕಿಂತ ಹೆಚ್ಚಾದರೆ ಮಕ್ಕಳಿಗೆ ಅಪಾಯ.

## ಹಂತ 4: ಮುನ್ಸೂಚನೆ ಕಂಡ ಮೊದಲ ಅರ್ಧ ಗಂಟೆ

ಇಡೀ ಕೆಲಸ ನಿಂತಿರುವುದು ಇಲ್ಲಿ. ವಾಂತಿ ಹಿಡಿದುಕೊಂಡಮೇಲೆ ಹೊಟ್ಟೆ ಯಾವ ಮಾತ್ರೆಯನ್ನೂ ಸರಿಯಾಗಿ ಒಳಗೆ ಎಳೆದುಕೊಳ್ಳುವುದಿಲ್ಲ.

ಹೆಚ್ಚಿನವರಲ್ಲಿ ವಾಂತಿಗೆ ಮುಂಚೆ ಸ್ವಲ್ಪ ಹೊತ್ತು ಸಿಗುತ್ತದೆ. ಮುಖ ಬಿಳಿಚಿಕೊಳ್ಳುತ್ತದೆ, ತಣ್ಣನೆ ಬೆವರು ಬರುತ್ತದೆ, ಬಾಯಲ್ಲಿ ನೀರೂರುತ್ತದೆ, ಹೊಟ್ಟೆ ತೊಳಸುತ್ತದೆ, ಬೆಳಕು ಮತ್ತು ವಾಸನೆ ಆಗುವುದಿಲ್ಲ. ಚಿಕ್ಕ ಮಕ್ಕಳು ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಹಾಸಿಗೆಯಲ್ಲಿ ಎದ್ದು ಕೂತು ಸುಮ್ನೆ ಗೋಡೆ ನೋಡುತ್ತಾರೆ. ಎಂಜಲು ನುಂಗುತ್ತಲೇ ಇರುತ್ತಾರೆ. ಕೇಳಿದ್ದಕ್ಕೆ ಉತ್ತರ ಕೊಡುವುದಿಲ್ಲ. ಆಡಲು ಬಾ ಎಂದರೂ ಬರುವುದಿಲ್ಲ. ನಿಮ್ಮ ಮನೆಯವರ ಮುನ್ಸೂಚನೆ ಯಾವುದು ಎಂಬುದನ್ನು ಕಂಡುಹಿಡಿದು, ಹಾಳೆಯ ಮೇಲುಭಾಗದಲ್ಲಿ ದೊಡ್ಡದಾಗಿ ಬರೆದಿಡಿ.

ಕ್ರಮ ಹೀಗೆ:

1. ಮೊದಲು ಮಾತ್ರೆ. "ಇನ್ನೊಂದು ಸ್ವಲ್ಪ ನೋಡೋಣ" ಎಂದು ಕಾಯಬೇಡಿ. ಬಾಯಲ್ಲಿ ಕರಗುವ ಮಾತ್ರೆಯಾದರೆ ಕೈ ಒಣಗಿರಲಿ. ಮಾತ್ರೆಯ ಸ್ಟ್ರಿಪ್‌ನಿಂದ ಒತ್ತಿ ತೆಗೆದರೆ ಪುಡಿಯಾಗುತ್ತದೆ, ಹಿಂಬದಿಯ ಫಾಯಿಲ್ ಸುಲಿದು ತೆಗೆಯಿರಿ. ನಾಲಿಗೆ ಮೇಲಿಟ್ಟು ಕರಗಲು ಬಿಡಿ, ನೀರು ಬೇಡ.
2. ಬೆಳಕು ಆರಿಸಿ, ಪರದೆ ಎಳೆಯಿರಿ, ಟಿವಿ ಮತ್ತು ಮೊಬೈಲ್ ನಿಲ್ಲಿಸಿ. ಒಗ್ಗರಣೆ, ಊದುಬತ್ತಿ, ಸೊಳ್ಳೆಬತ್ತಿ ಯಾವ ವಾಸನೆಯೂ ಬೇಡ.
3. ಎಡ ಮಗ್ಗುಲಿಗೆ, ತಲೆ ಸ್ವಲ್ಪ ಎತ್ತರ ಇಟ್ಟು ಮಲಗಿಸಿ. ಅಂಗಾತ ಬೇಡ. ಟಬ್ ಕೈಗೆ ಸಿಗುವಂತೆ ಇಡಿ.
4. 15ರಿಂದ 20 ನಿಮಿಷ ಬಾಯಿಗೆ ಏನೂ ಕೊಡಬೇಡಿ. ಒಂದು ಗುಟುಕು ನೀರೂ ಬೇಡ.
5. ನೋಟ್‌ಬುಕ್‌ನಲ್ಲಿ ಗಂಟೆ ಬರೆಯಿರಿ.

ನಿದ್ದೆ ಹತ್ತಿದರೆ ಅದಕ್ಕಿಂತ ಒಳ್ಳೆಯದಿಲ್ಲ. ಸಿವಿಎಸ್ ಎಷ್ಟೋ ಸಲ ನಿದ್ದೆಯಲ್ಲೇ ಮುರಿಯುತ್ತದೆ. ಅದಕ್ಕೇ ಕೆಲವು ವೈದ್ಯರು ನಿದ್ದೆ ತರುವ ಔಷಧವನ್ನೂ ಬರೆದಿರುತ್ತಾರೆ. "ಈಗ ಹೇಗಿದೆ?" ಎಂದು ಕೇಳಲು ಎಬ್ಬಿಸಬೇಡಿ, ಉಸಿರಾಟ ಗಮನಿಸುತ್ತಾ ಪಕ್ಕದಲ್ಲಿರಿ.

ದೃಷ್ಟಿ ತೆಗೆಯುವುದು ನಿಮ್ಮ ಮನೆಯ ನಂಬಿಕೆಯಾದರೆ ತೆಗೆಯಿರಿ. ಮಾತ್ರೆ ಕೊಟ್ಟಮೇಲೆ ತೆಗೆಯಿರಿ. ಮೆಣಸಿನಕಾಯಿಯ ಘಾಟು ಮಾತ್ರ ಆ ಕೋಣೆಗೆ ಬರಬಾರದು.

## ಹಂತ 5: ವಾಂತಿ ನಡೆಯುತ್ತಿರುವಾಗ

ಈ ಹೊತ್ತಿನಲ್ಲಿ ರೋಗಿ ಮಾತಾಡಲಾರ, ಕಣ್ಣು ತೆರೆಯಲಾರ. ಎಂಜಲು ನುಂಗಿದರೂ ಓಕರಿಕೆ ಬರುವುದರಿಂದ ಬಾಯಿಂದ ಸೋರಲು ಬಿಡುತ್ತಾರೆ. ಕೆನ್ನೆಯ ಕೆಳಗೆ ಹತ್ತಿ ಬಟ್ಟೆ ಹಾಕಿ, ಒದ್ದೆಯಾದಾಗ ಬದಲಿಸಿ. ಪ್ರಶ್ನೆ ಕೇಳಬೇಡಿ. ತಲೆ ಅಲ್ಲಾಡಿಸಿ ಉತ್ತರ ಕೊಡುವುದೂ ಅವರಿಗೆ ಆಗದ ಕೆಲಸ.

ಚಮಚದ ಲೆಕ್ಕ. ಹೆಚ್ಚು ಮನೆಗಳಲ್ಲಿ ಕೆಲಸ ಕೆಡುವುದು ಇಲ್ಲಿ, ಹಾಗಾಗಿ ನಿಧಾನವಾಗಿ ಓದಿ. ವಾಂತಿಯಾದ ಕೂಡಲೇ ವಿಪರೀತ ಬಾಯಾರಿಕೆ ಆಗುತ್ತದೆ. ಕೇಳಿದರು ಎಂದು ಲೋಟ ಕೊಟ್ಟರೆ ಹೊಟ್ಟೆ ಹಿಗ್ಗಿ ಐದು ನಿಮಿಷದಲ್ಲಿ ಅಷ್ಟೂ ವಾಪಸ್ ಬರುತ್ತದೆ, ಜೊತೆಗೆ ಒಳಗಿದ್ದ ಉಪ್ಪಿನಂಶವೂ ಹೋಗುತ್ತದೆ. ವಾಂತಿಯಾದಮೇಲೆ ಬಾಯಿ ಮುಕ್ಕಳಿಸಿ ಉಗುಳಿಸಿ. ಗಡಿಯಾರ ನೋಡಿ 10 ನಿಮಿಷ ಬಿಡಿ. ಆಮೇಲೆ 5 ಮಿಲಿ ತಣ್ಣನೆಯ ಓಆರ್‌ಎಸ್, ಒಂದೇ ಚಮಚ. ಎರಡು ನಿಮಿಷ ಬಿಟ್ಟು ಇನ್ನೊಂದು ಚಮಚ.

ಇದೇನು ಸಾಲುತ್ತದೆ ಎನ್ನಿಸಬಹುದು. ಎರಡು ನಿಮಿಷಕ್ಕೆ 5 ಮಿಲಿ ಎಂದರೆ ಗಂಟೆಗೆ 150 ಮಿಲಿ. ಚಿಕ್ಕ ಮಗುವಿಗೆ ಇದು ಕಡಿಮೆಯಲ್ಲ. ದೊಡ್ಡವರಿಗೆ ಅರ್ಧ ಗಂಟೆ ಚಮಚ ನಿಂತಮೇಲೆ 10, ನಂತರ 15 ಮಿಲಿಗೆ ಏರಿಸಿ. ಮೊಬೈಲಿನಲ್ಲಿ ಎರಡು ನಿಮಿಷದ ಟೈಮರ್ ಇಟ್ಟುಕೊಳ್ಳಿ, ಶಬ್ದ ಬೇಡ, ಬರೀ ನಡುಗಲಿ. ಅಂದಾಜಿನಲ್ಲಿ ಕೊಡಲು ಹೋದರೆ ನಿಮ್ಮ ಕೈಯೇ ಆತುರಪಡುತ್ತದೆ, ಎರಡು ನಿಮಿಷ ಅರ್ಧ ನಿಮಿಷವಾಗುತ್ತದೆ. ಇಬ್ಬರು ಇದ್ದರೆ ಅರ್ಧ ಗಂಟೆಗೊಮ್ಮೆ ಚಮಚ ಕೈ ಬದಲಿಸಿ. ಚಮಚವೂ ಆಗದಿದ್ದರೆ ಓಆರ್‌ಎಸ್ ಅನ್ನು ಐಸ್ ಟ್ರೇಯಲ್ಲಿ ಹಾಕಿ ಗಟ್ಟಿ ಮಾಡಿ, ದೊಡ್ಡವರಿಗೆ ಅದರ ಚಿಕ್ಕ ಚೂರು ಚೀಪಲು ಕೊಡಿ.

ಮತ್ತೆ ವಾಂತಿಯಾದರೆ 10 ನಿಮಿಷ ನಿಲ್ಲಿಸಿ, ಪುನಃ ಒಂದು ಚಮಚದಿಂದಲೇ ಶುರು ಮಾಡಿ. ಬರೀ ನೀರನ್ನು ಗಂಟೆಗಟ್ಟಲೆ ಕೊಡುತ್ತಾ ಹೋಗಬೇಡಿ, ರಕ್ತದಲ್ಲಿ ಸೋಡಿಯಂ ಇಳಿದು ಮಂಕು ಕವಿಯುತ್ತದೆ, ಫಿಟ್ಸ್ ಕೂಡ ಬರಬಹುದು. ಎಳನೀರು ಒಳ್ಳೆಯದೇ, ಆದರೆ ಅದರಲ್ಲಿ ಪೊಟ್ಯಾಶಿಯಂ ಹೆಚ್ಚು, ಸೋಡಿಯಂ ಕಡಿಮೆ. ಓಆರ್‌ಎಸ್ ಜಾಗಕ್ಕೆ ಅದು ಬರಲಾರದು. ಕಿಡ್ನಿ ತೊಂದರೆ ಇರುವವರಿಗೆ ಕೊಡಲೇಬೇಡಿ. ಸೋಡಾ, ಕೋಲಾ, ಎನರ್ಜಿ ಡ್ರಿಂಕ್ ಯಾವುದೂ ಬೇಡ.

ಕೆಲವರು ಬೇಕೆಂದೇ ಗಟಗಟ ನೀರು ಕುಡಿದು ವಾಂತಿ ಮಾಡುತ್ತಾರೆ, ಬಾಯಿಗೆ ಬೆರಳು ಹಾಕಿಕೊಳ್ಳುತ್ತಾರೆ. ನೋಡುವವರಿಗೆ ಸಿಟ್ಟು ಬರುತ್ತದೆ. ಇದು ನಾಟಕವಲ್ಲ. ಖಾಲಿ ಹೊಟ್ಟೆಯ ಓಕರಿಕೆಯ ಉರಿಗಿಂತ ನೀರಿನ ಜೊತೆ ಬರುವ ವಾಂತಿ ಸ್ವಲ್ಪ ಹಗುರ ಎನಿಸುವುದರಿಂದ ಹಾಗೆ ಮಾಡುತ್ತಾರೆ. ಬೈಯಬೇಡಿ. ಲೋಟವನ್ನು ದೂರ ಇಟ್ಟು ಚಮಚ ಹಿಡಿಯಿರಿ. ಹೀಗಾಗುತ್ತಿದೆ ಎಂದು ವೈದ್ಯರಿಗೂ ತಿಳಿಸಿ.

ಬಿಸಿನೀರು. ಬಿಸಿನೀರಿನ ಸ್ನಾನದಿಂದ ಹಲವರಿಗೆ ಹಾಯೆನಿಸುತ್ತದೆ. ಮಾಡಿಸಿ, ಆದರೆ ಮೂರು ಷರತ್ತು: ಬಾಗಿಲಿಗೆ ಚಿಲಕ ಹಾಕಬಾರದು, ಸ್ಟೂಲಿನ ಮೇಲೆ ಕೂತೇ ಮಾಡಬೇಕು, ನೀರಿನ ಬಿಸಿ ನೀವು ಮುಟ್ಟಿ ನೋಡಬೇಕು. ಹಾಯೆನಿಸುತ್ತದೆ ಎಂದು ಸುಡುವ ನೀರು ಸುರಿದುಕೊಂಡು ಚರ್ಮ ಸುಟ್ಟುಕೊಂಡವರಿದ್ದಾರೆ, ತಲೆಸುತ್ತಿ ಬಿದ್ದವರಿದ್ದಾರೆ. ಬಿಸಿನೀರಿನ ಚೀಲವನ್ನು ಟವೆಲ್‌ನಲ್ಲಿ ಸುತ್ತಿ ಹೊಟ್ಟೆಯ ಮೇಲೆ ಇಡುವುದೇ ಮೇಲು.

ಹಲ್ಲು. ವಾಂತಿಯಾದ ತಕ್ಷಣ ಬ್ರಷ್ ಮಾಡಬೇಡಿ. ಹೊಟ್ಟೆಯ ಆಮ್ಲ ಹಲ್ಲಿನ ಮೇಲ್ಪದರವನ್ನು ಮೆತ್ತಗಾಗಿಸಿರುತ್ತದೆ, ಉಜ್ಜಿದರೆ ಸವೆಯುತ್ತದೆ. ಒಂದು ಲೋಟ ನೀರಿಗೆ ಒಂದು ಟೀ ಚಮಚ ಅಡುಗೆ ಸೋಡಾ ಕದಡಿ ಮುಕ್ಕಳಿಸಿ ಉಗುಳಿ. ಬ್ರಷ್ ಒಂದು ಗಂಟೆ ಬಿಟ್ಟು.

ನೋವಿನ ಮಾತ್ರೆ. ತಲೆನೋವು, ಹೊಟ್ಟೆನೋವಿಗೆ ಐಬುಪ್ರೊಫೆನ್, ಡೈಕ್ಲೋಫೆನಾಕ್ ಕೊಡಬೇಡಿ. ನೀರಿಲ್ಲದೆ ಒಣಗಿದ ದೇಹದಲ್ಲಿ ಅವು ಕಿಡ್ನಿಗೆ ಮತ್ತು ಹೊಟ್ಟೆಗೆ ಪೆಟ್ಟು ಕೊಡುತ್ತವೆ. ವೈದ್ಯರು ಒಪ್ಪಿದ ಪ್ರಮಾಣದ ಪ್ಯಾರಸಿಟಮಾಲ್ ಸಾಕು.

ನೋಟ್‌ಬುಕ್‌ನಲ್ಲಿ ಮೂರೇ ಸಾಲು: ವಾಂತಿಯಾದ ಗಂಟೆ, ಕೊಟ್ಟದ್ದು ಎಷ್ಟು, ಮೂತ್ರ ಹೋದ ಗಂಟೆ. ಮೂರನೆಯದೇ ಮುಖ್ಯ. ಮುಂದಿನ ಹಂತದ ತೀರ್ಮಾನ ಅದರ ಮೇಲೆಯೇ.

## ಹಂತ 6: ಮನೆಯಲ್ಲಿ ಸಾಕು, ಆಸ್ಪತ್ರೆಗೆ ಹೊರಡಿ

ಇವುಗಳಲ್ಲಿ ಯಾವುದೇ ಒಂದು ಕಂಡರೂ ಹೊರಡಿ:

- ಚಿಕ್ಕ ಮಕ್ಕಳಲ್ಲಿ 6 ಗಂಟೆ, ದೊಡ್ಡವರಲ್ಲಿ 8 ಗಂಟೆ ಮೂತ್ರ ಹೋಗಿಲ್ಲ, ಅಥವಾ ಹೋದದ್ದು ಕಡು ಹಳದಿ, ಬಹಳ ಕಡಿಮೆ
- ನಾಲಿಗೆ ಒಣಗಿದೆ, ಕಣ್ಣು ಗುಳಿ ಬಿದ್ದಿದೆ, ಅತ್ತರೂ ಕಣ್ಣೀರಿಲ್ಲ, ಎದ್ದು ನಿಂತರೆ ಕಣ್ಣು ಕತ್ತಲೆ
- ಹಾಳೆಯಲ್ಲಿ ಬರೆದಿರುವ ಅವಧಿ ಮುಗಿದರೂ ಒಂದು ಚಮಚವೂ ನಿಲ್ಲುತ್ತಿಲ್ಲ
- ವಾಂತಿಯಲ್ಲಿ ರಕ್ತ, ಕಾಫಿ ಪುಡಿಯಂಥ ಕಪ್ಪು ಚೂರು, ಅಥವಾ ಮಲ ಕಪ್ಪಗಿದೆ
- ಹೊಟ್ಟೆ ಉಬ್ಬಿ ಗಟ್ಟಿಯಾಗಿದೆ, ಮುಟ್ಟಿದರೆ ಕಿರುಚುತ್ತಾರೆ
- ಜೋರು ಜ್ವರ, ಕತ್ತು ಬಗ್ಗಿಸಲಾಗದು, ಹಿಂದೆಂದೂ ಇಲ್ಲದ ತಲೆನೋವು
- ಮಂಕು, ಅಸಂಬದ್ಧ ಮಾತು, ಎಬ್ಬಿಸಿದರೂ ಏಳದಿರುವುದು, ಫಿಟ್ಸ್
- ಎದೆನೋವು, ಏದುಸಿರು, ಎದೆಬಡಿತ ಏರುಪೇರು
- ಸಕ್ಕರೆ ಕಾಯಿಲೆ ಇರುವವರಲ್ಲಿ ಸಕ್ಕರೆ ತೀರಾ ಏರಿದೆ ಅಥವಾ ಇಳಿದಿದೆ

ಪಟ್ಟಿಯಲ್ಲಿ ಇಲ್ಲದ ಇನ್ನೊಂದು ಸೂಚನೆಯನ್ನು ನಾನು ತುಂಬಾ ನಂಬುತ್ತೇನೆ. ಈ ಕಾಯಿಲೆ ಪ್ರತಿ ಸಲ ಒಂದೇ ಥರ ಬರುತ್ತದೆ ಎಂದೆನಲ್ಲ. ಈ ಸಲ ಬೇರೆ ಥರ ಇದೆ ಅನ್ನಿಸಿದರೆ, ನೋವು ಹೊಸ ಜಾಗದಲ್ಲಿದ್ದರೆ, ಎಂದಿನ ಅವಧಿ ದಾಟಿಯೂ ನಿಲ್ಲದಿದ್ದರೆ, ಅದು ಸಿವಿಎಸ್ ಅಲ್ಲದಿರಬಹುದು. ಅಪೆಂಡಿಕ್ಸ್ ಊತ ಸಿವಿಎಸ್ ಇರುವವರಿಗೂ ಬರುತ್ತದೆ. "ಇವನಿಗೆ ಯಾವಾಗಲೂ ಹೀಗೇ" ಎಂಬ ಮಾತನ್ನು ಮನೆಯವರೂ ಹೇಳಬಾರದು, ಆಸ್ಪತ್ರೆಯವರೂ ಹೇಳಬಾರದು.

ರೋಗಿ ಮಂಕಾಗಿದ್ದರೆ ಬೈಕಿನ ಮೇಲೆ ನಡುವೆ ಕೂರಿಸಿಕೊಂಡು ಹೋಗಬೇಡಿ. 108ಕ್ಕೆ ಕರೆ ಮಾಡಿ. ದಾರಿಯಲ್ಲಿ ಮಗ್ಗುಲಿಗೇ ಮಲಗಿರಲಿ. ಫೈಲು, ಪತ್ರ, ನೋಟ್‌ಬುಕ್ ಮರೆಯಬೇಡಿ. ನೋಟ್‌ಬುಕ್ ತೋರಿಸಿ "ರಾತ್ರಿ 2 ಗಂಟೆಯಿಂದ ಇಷ್ಟು ಸಲ, ಕೊನೆಗೆ ಮೂತ್ರ ಹೋಗಿದ್ದು 9 ಗಂಟೆಗೆ" ಎಂದರೆ ಅಲ್ಲಿ ಕೆಲಸ ಬೇಗ ಶುರುವಾಗುತ್ತದೆ.

## ಹಂತ 7: ವಾಂತಿ ನಿಂತಮೇಲೆ ಮೊದಲ ಊಟ

ವಾಂತಿ ನಿಂತು ಹಸಿವು ಬಂದರೆ ಅದು ಒಳ್ಳೆಯ ಸೂಚನೆ. ಕೆಲವರು ಒಂದೆರಡು ಗಂಟೆಯಲ್ಲೇ ತಿನ್ನಲು ಕೇಳುತ್ತಾರೆ, ಕೊಡಬಹುದು. ಕೇಳುವ ಮುಂಚೆ ಮಾತ್ರ ತುರುಕಬೇಡಿ.

ಮೊದಲು ಉಪ್ಪು ಹಾಕಿದ ತೆಳು ಅನ್ನದ ಗಂಜಿ, ನಾಲ್ಕೈದು ಚಮಚ. ಅರ್ಧ ಗಂಟೆ ನಿಂತರೆ ಇನ್ನಷ್ಟು. ಆಮೇಲೆ ಮೆತ್ತಗಿನ ಅನ್ನಕ್ಕೆ ನೀರು ಮಜ್ಜಿಗೆ, ಅಥವಾ ಬಿಸಿ ಇಡ್ಲಿ ಚಟ್ನಿಯಿಲ್ಲದೆ, ರಸ್ಕ್, ಬಾಳೆಹಣ್ಣು. ಎಣ್ಣೆ, ಖಾರ, ಹುಳಿ, ಮಾಂಸ, ಗಟ್ಟಿ ಹಾಲು ಒಂದು ದಿನ ತಡೆಯಲಿ. ಓಆರ್‌ಎಸ್ ಅಂದಿನ ದಿನ ಪೂರ್ತಿ ಮುಂದುವರಿಯಲಿ. ಹಾಲುಣ್ಣುವ ಕೂಸಿಗೆ ಎದೆಹಾಲು ಯಾವ ಹಂತದಲ್ಲೂ ನಿಲ್ಲಿಸಬಾರದು.

ಸಕ್ಕರೆ ಕಾಯಿಲೆಯಿಂದ ಹೊಟ್ಟೆಯ ಚಲನೆ ನಿಧಾನವಾಗಿ, ನಿನ್ನೆ ತಿಂದದ್ದು ಇವತ್ತು ವಾಂತಿಯಾಗುವವರಿಗೆ ಈ ಹಂತ ಹೊಂದುವುದಿಲ್ಲ. ಅವರು ಬಹಳ ದಿನ ನಾರು ಮತ್ತು ಎಣ್ಣೆ ಕಡಿಮೆ ಮಾಡಿ, ದಿನಕ್ಕೆ ಐದಾರು ಸಲ ಸ್ವಲ್ಪ ಸ್ವಲ್ಪ ತಿನ್ನಬೇಕಾಗುತ್ತದೆ. ಅವರ ಆಹಾರದ ಪಟ್ಟಿಯನ್ನು ವೈದ್ಯರ ಹತ್ತಿರವೇ ಮಾಡಿಸಿ.

## ಹಂತ 8: ಚೆನ್ನಾಗಿರುವ ದಿನಗಳ ಕೆಲಸ

ಸಿವಿಎಸ್ ಕೆರಳಿಸುವ ಕಾರಣಗಳು ಒಬ್ಬೊಬ್ಬರಿಗೆ ಒಂದೊಂದು. ನಿದ್ದೆಗೆಡುವುದು, ಬಹಳ ಹೊತ್ತು ಖಾಲಿ ಹೊಟ್ಟೆ, ನೆಗಡಿ ಜ್ವರ, ಪ್ರಯಾಣ, ಮುಟ್ಟಿನ ದಿನಗಳು, ಪರೀಕ್ಷೆಯ ಆತಂಕ ಇವು ಸಾಮಾನ್ಯ. ಖುಷಿಯ ಉದ್ವೇಗವೂ ಅಷ್ಟೇ ಬಲವಾದ ಕಾರಣ. ಹುಟ್ಟುಹಬ್ಬ, ಮದುವೆ, ಜಾತ್ರೆಯ ಹಿಂದಿನ ರಾತ್ರಿಯೇ ಎಷ್ಟೋ ಮಕ್ಕಳಿಗೆ ಶುರುವಾಗುತ್ತದೆ. ಪ್ರವಾಸದ ಸುದ್ದಿಯನ್ನು ತಿಂಗಳ ಮುಂಚೆ ಹೇಳಿ ದಿನ ಎಣಿಸಲು ಹಚ್ಚಬೇಡಿ.

ಶಿವರಾತ್ರಿ ನೋಡಿ, ಉಪವಾಸ ಒಂದು ಕಡೆ, ಜಾಗರಣೆ ಇನ್ನೊಂದು ಕಡೆ. ಎರಡೂ ಒಂದೇ ರಾತ್ರಿ. ಏಕಾದಶಿ, ರಂಜಾನ್ ಉಪವಾಸಕ್ಕೂ ಇದೇ ಮಾತು. ಕಾಯಿಲೆ ಇರುವವರಿಗೆ ಉಪವಾಸದಿಂದ ವಿನಾಯಿತಿ ಕೊಡಿ. ಮನೆಯ ಹಿರಿಯರಿಗೆ ಇದನ್ನು ವೈದ್ಯರ ಬಾಯಲ್ಲೇ ಹೇಳಿಸಿದರೆ ಮನಸ್ತಾಪ ಇರುವುದಿಲ್ಲ. ಘಾಟಿ ರಸ್ತೆಯಲ್ಲಿ ಹೋಗುವುದಿದ್ದರೆ, ಚಾರ್ಮಾಡಿಯೋ ಆಗುಂಬೆಯೋ, ಖಾಲಿ ಹೊಟ್ಟೆಯಲ್ಲೂ ಬೇಡ, ಹೊಟ್ಟೆ ಬಿರಿಯ ತಿಂದೂ ಬೇಡ. ದಾರಿಗೆ ಡಬ್ಬ ಜೊತೆಗಿರಲಿ.

ಬೆಳಗಿನ ಜಾವವೇ ಬರುವವರಿಗೆ ಮಲಗುವ ಮುಂಚೆ ಏನಾದರೂ ಸ್ವಲ್ಪ ತಿನ್ನಿಸಿ, ರಾಗಿ ಗಂಜಿಯೋ ಎರಡು ರಸ್ಕೋ. ರಾತ್ರಿಯ ಖಾಲಿ ಹೊಟ್ಟೆಯ ಅವಧಿ ಕಡಿಮೆಯಾಗುತ್ತದೆ. ಚಾಕೊಲೇಟ್, ಚೀಸ್, ಗೋಬಿ ಮಂಚೂರಿಗೆ ಹಾಕುವ ಅಜಿನೊಮೊಟೊ ಕೆಲವರಿಗೆ ಆಗುವುದಿಲ್ಲ. ಹಾಗಂತ ಎಲ್ಲವನ್ನೂ ಒಟ್ಟಿಗೆ ನಿಲ್ಲಿಸಬೇಡಿ. ಪ್ರತಿ ಸಲ ವಾಂತಿ ಬಂದಾಗ ಹಿಂದಿನ ಎರಡು ದಿನದ ನಿದ್ದೆ, ಊಟ, ಓಡಾಟ ಬರೆದಿಡಿ. ಮೂರು ನಾಲ್ಕು ಸಲದ ಬರಹ ಪಕ್ಕಪಕ್ಕ ಇಟ್ಟರೆ ಯಾವುದನ್ನು ಬಿಡಬೇಕು ಎಂಬುದು ಕಾಣುತ್ತದೆ.

ಪದೇ ಪದೇ ಬರುತ್ತಿದ್ದರೆ ವೈದ್ಯರು ದಿನಾ ತೆಗೆದುಕೊಳ್ಳುವ ತಡೆ ಔಷಧ ಬರೆಯುತ್ತಾರೆ. 5 ವರ್ಷದೊಳಗಿನ ಮಕ್ಕಳಿಗೆ ಹೆಚ್ಚಾಗಿ ಸಿಪ್ರೊಹೆಪ್ಟಡಿನ್, ಅದಕ್ಕಿಂತ ದೊಡ್ಡವರಿಗೆ ಅಮಿಟ್ರಿಪ್ಟಿಲಿನ್, ಕೆಲವರಿಗೆ ಪ್ರೊಪ್ರನಾಲಾಲ್. ಅಮಿಟ್ರಿಪ್ಟಿಲಿನ್ ಹೆಸರನ್ನು ಮೊಬೈಲಿನಲ್ಲಿ ಹುಡುಕಿ "ಇದು ಖಿನ್ನತೆಯ ಮಾತ್ರೆ, ನಮ್ಮ ಹುಡುಗಿಗೆ ಹುಚ್ಚಾ?" ಎಂದು ಗಾಬರಿಯಾಗಿ ಬಿಟ್ಟುಬಿಡುವವರು ಇದ್ದಾರೆ. ಮೈಗ್ರೇನ್ ತಡೆಯಲು ಇದನ್ನು ಎಷ್ಟೋ ವರ್ಷಗಳಿಂದ ಕೊಡುತ್ತಾ ಬಂದಿದ್ದಾರೆ, ಇಲ್ಲಿಯೂ ಅದೇ ಉದ್ದೇಶಕ್ಕೆ. ಶುರುಮಾಡುವ ಮುಂಚೆ ಇಸಿಜಿ ಮಾಡಿಸಿ. ಮೊದಮೊದಲು ತೂಕಡಿಕೆ, ಬಾಯಿ ಒಣಗುವುದು ಇರುತ್ತದೆ. ಗುಣ ಕಾಣಲು ಕೆಲವು ವಾರ ಬೇಕು. ಒಂದೇ ಸಲಕ್ಕೆ ನಿಲ್ಲಿಸಬಾರದು. ನಾಟಿ ಔಷಧ, ಕಷಾಯ ಜೊತೆಗೆ ನಡೆಯುತ್ತಿದ್ದರೆ ವೈದ್ಯರಿಂದ ಮುಚ್ಚಿಡಬೇಡಿ.

ಶಾಲೆಗೆ ವೈದ್ಯರ ಪತ್ರದ ಒಂದು ಪ್ರತಿ ಕೊಡಿ. ಕ್ಲಾಸ್ ಟೀಚರಿಗೆ ಮೂರೇ ವಿಷಯ ಹೇಳಿದರೆ ಸಾಕು: ಇದು ಅಂಟುವ ಕಾಯಿಲೆಯಲ್ಲ, ಮಗು ಬಿಳಿಚಿಕೊಂಡು ಸುಮ್ಮನಾದರೆ ಕೂಡಲೇ ಮನೆಗೆ ಫೋನ್ ಮಾಡಬೇಕು, ಹೊರಗೆ ಹೋಗಲು ಅನುಮತಿ ಕೇಳಿಸಬಾರದು.

ರೋಗಿಯನ್ನು ನೋಡಿಕೊಳ್ಳುವವರು ಎರಡು ರಾತ್ರಿ ನಿದ್ದೆಯಿಲ್ಲದೆ ಕೂತಿರುತ್ತಾರೆ. ಅದು ಹೆಚ್ಚಾಗಿ ತಾಯಿಯೇ. ಚಮಚದ ಲೆಕ್ಕ ಮನೆಯಲ್ಲಿ ಇನ್ನೊಬ್ಬರಿಗೆ ಗೊತ್ತಿರಲೇಬೇಕು. ಅಪ್ಪನಿಗೋ, ಅಜ್ಜಿಗೋ, ಪಕ್ಕದ ಮನೆಯವರಿಗೋ ಆರೋಗ್ಯದ ದಿನವೊಂದರಲ್ಲಿ ಡಬ್ಬ ತೆರೆದು ತೋರಿಸಿ, ಹಾಳೆಯನ್ನು ಅವರ ಕೈಯಲ್ಲೇ ಜೋರಾಗಿ ಓದಿಸಿ.

ಮಗು ಬೆಳೆದಂತೆ ತೂಕ ಬದಲಾಗುತ್ತದೆ, ಔಷಧದ ಪ್ರಮಾಣವೂ ಬದಲಾಗುತ್ತದೆ. ಆರು ತಿಂಗಳಿಗೊಮ್ಮೆ ತೂಕ ನೋಡಿಸಿ ಹಾಳೆಯನ್ನು ಹೊಸದಾಗಿ ಬರೆಸಿ. ಅದೇ ದಿನ ಡಬ್ಬದ ಮಾತ್ರೆ, ಪೊಟ್ಟಣಗಳ ಅವಧಿ ಮುಗಿದಿದೆಯಾ ನೋಡಿ ಬದಲಿಸಿ. ಹಳೆಯ ಹಾಳೆಯನ್ನು ಹರಿದು ಹಾಕಿ, ಡಬ್ಬದಲ್ಲಿ ಒಂದೇ ಹಾಳೆ ಇರಲಿ.